ಎರಡು ಬೋಸಿ ಮತ್ತು ಅಕ್ಕನ ಕೂದಲು

ನಮ್ಮ ಮನೆಯಲ್ಲಿ ಎರಡು ಸ್ಟೀಲ್ ಬೋಸಿಗಳು ಅಡುಗೆಗೆ ಸಿಗುವುದಿಲ್ಲ. ಒಂದರ ಬಾಯಿಗೆ ಇನ್ನೊಂದರ ಬಾಯಿ ಕೂಡಿಸಿ, ಸುತ್ತ ಅಲ್ಯುಮಿನಿಯಂ ಟೇಪು ಸುತ್ತಿ, ಎರಡಡಿ ಎತ್ತರದ ಪಿವಿಸಿ ಪೈಪಿನ ತಲೆಯ ಮೇಲೆ ಕೂರಿಸಿದ್ದೇನೆ. ಮೇಲಿನ ಬೋಸಿ ಯಾರದೋ ಗೃಹಪ್ರವೇಶದ ನೆನಪಿಗೆ ಬಂದದ್ದು, ಕೆಳಗಿನದು ಇನ್ಯಾರದೋ ಸೀಮಂತದ್ದು. ಚುಕ್ಕಿ ಅಕ್ಷರದಲ್ಲಿ ಕೊರೆದ ಹೆಸರುಗಳು ಈಗಲೂ ಕಾಣುತ್ತವೆ. ಮನೆಗೆ ಬಂದವರಲ್ಲಿ ಕೆಲವರು ಅದನ್ನು ನೀರು ಶುದ್ಧ ಮಾಡುವ ಯಂತ್ರ ಅಂದುಕೊಳ್ಳುತ್ತಾರೆ. ಅದರ ಮೈಮೇಲಿನ ವಿಭೂತಿ, ಕುಂಕುಮ ನೋಡಿ ಒಬ್ಬರಂತೂ ಕೈ ಮುಗಿದು ಪ್ರದಕ್ಷಿಣೆಗೆ ಜಾಗವಿದೆಯೇ ಎಂದು ಅತ್ತಿತ್ತ ನೋಡಿದರು. ನನ್ನ ಹೆಂಡತಿ ವಸಂತಾ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಾಳೆ: "ಅದು ಇವರ ಕರೆಂಟ್ ಮಿಷನ್ನು. ಮುಟ್ಬೇಡಿ ಅಷ್ಟೆ."

ಮೊನ್ನೆ ಹಬ್ಬಕ್ಕೆ ಹೂರಣ ಕಲಸಲು ಪಾತ್ರೆ ಸಾಲದೆ ಅವಳು ಆ ಬೋಸಿಗಳ ಕಡೆ ಒಂದು ನೋಟ ಬೀರಿದಳು. ಮೂವತ್ತೈದು ವರ್ಷ ಸಂಸಾರ ಮಾಡಿದವನಿಗೆ ಆ ನೋಟದ ಅರ್ಥ ಗೊತ್ತು. ಅವು ಅಡುಗೆಮನೆಗೆ ವಾಪಸಾಗುವ ಕಾಲ ಹತ್ತಿರ ಬಂತು. ಅದಕ್ಕೆ ಮೊದಲೇ ಅವುಗಳ ಕಥೆ ಹೇಳಿಬಿಡುವುದು ಒಳ್ಳೆಯದು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಸ್ಥಿರವಿದ್ಯುತ್ತಿನ ಪಾಠ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ಕರಿಹಲಗೆಯ ಮೇಲೆ ಒಂದು ಗುಂಡು, ಒಂದು ಕಂಬ, ಕಂಬದೊಳಗೆ ಓಡುವ ಒಂದು ಪಟ್ಟಿ ಬರೆಯುತ್ತಿದ್ದೆ. ಪಟ್ಟಿ ಉಜ್ಜಿ ಉಜ್ಜಿ ವಿದ್ಯುತ್ತನ್ನು ಮೇಲಕ್ಕೆ ಹೊರುತ್ತದೆ, ಅದು ಗುಂಡಿನಲ್ಲಿ ಗುಡ್ಡೆ ಬೀಳುತ್ತದೆ, ಗುಂಡು ಮುಟ್ಟಿದವರ ಒಂದೊಂದು ಕೂದಲಿಗೂ ಅದೇ ವಿದ್ಯುತ್ತು ಹರಿದು, ಒಂದನ್ನೊಂದು ದೂರ ತಳ್ಳಿ, ಕೂದಲೆಲ್ಲ ಎದ್ದು ನಿಲ್ಲುತ್ತದೆ ಎಂದು ವಿವರಿಸುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಕೂದಲು ನಿಂತದ್ದನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಲ್ಯಾಬಿನ ಗಾಜಿನ ಬೀರುವಿನಲ್ಲಿ ಒಂದು ಯಂತ್ರವೇನೋ ಇತ್ತು. ಬೀರುವಿನ ಕೀಲಿಕೈ ನನಗಿಂತ ಹಿಂದಿನವರ ಕಾಲದಲ್ಲೇ ಕಳೆದುಹೋಗಿತ್ತಂತೆ.

ಅಲ್ಲ, ನೋಡಿದ್ದೆ, ಒಂದೇ ಒಂದು ಸಲ. ಆಗ ನನಗೆ ಏಳು ವರ್ಷ, ಸರೋಜಕ್ಕನಿಗೆ ಹದಿಮೂರು. ನಾವು ಜಯನಗರದಲ್ಲಿದ್ದೆವು. ಬಸವನಗುಡಿಯ ಒಂದು ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿದೆ ಎಂದು ಅಪ್ಪ ನಮ್ಮಿಬ್ಬರನ್ನೂ ನಡೆಸಿಕೊಂಡು ಹೋದರು. ಒಂದು ಕೋಣೆಯಲ್ಲಿ ಗುಂಡಿನ ಯಂತ್ರ, ಅದರ ಮುಂದೆ ಬಾಗಿಲು ದಾಟಿ ಹೊರಗಿನವರೆಗೂ ಸಾಲು. ಮುಂದೆ ನಿಂತಿದ್ದ ಹುಡುಗಿಯೊಬ್ಬಳ ಕೂದಲು ಎದ್ದು ಹರಡಿಕೊಂಡಾಗ ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆಯ ಗುರುತು ಮೂಡಿತು. ಅರ್ಧ ಗಂಟೆ ನಿಂತ ಮೇಲೆ ನಮ್ಮ ಸರದಿ ಬಂತು. ಯಂತ್ರ ನೋಡಿಕೊಳ್ಳುತ್ತಿದ್ದ ಯುವಕ ಅಕ್ಕನ ಎರಡು ಜಡೆಗಳನ್ನು ನೋಡಿದ. ಅಮ್ಮ ನಮ್ಮನ್ನು ಹೊರಗೆ ಕಳಿಸುವ ಮೊದಲು ಹರಳೆಣ್ಣೆ ಒತ್ತಿ, ಹಣೆಯವರೆಗೂ ಇಳಿಯುವಂತೆ ತಲೆ ಬಾಚುತ್ತಿದ್ದ ಕಾಲ ಅದು.

"ಎಣ್ಣೆ ತಲೆ ಏಳಲ್ಲಮ್ಮ. ಮುಂದೆ ಹೋಗಿ, ಮುಂದೆ ಹೋಗಿ. ಹಿಂದೆ ಸಾಲಿದೆ," ಎಂದ.

ನನ್ನ ಪ್ರಶ್ನೆಯೇ ಇರಲಿಲ್ಲ. ನನ್ನದು ಹಿಂದಿನ ವಾರವಷ್ಟೇ ತಿರುಪತಿಯಲ್ಲಿ ಒಪ್ಪಿಸಿ ಬಂದ ತಲೆ.

ಅಕ್ಕ ದಾರಿಯುದ್ದಕ್ಕೂ ಕರವಸ್ತ್ರದಿಂದ ಜಡೆಯ ಎಣ್ಣೆ ಒರೆಸುತ್ತಾ ಬಂದಳು. ಮನೆಗೆ ಬಂದವಳೇ ಇನ್ನು ಮೇಲೆ ತಲೆಗೆ ಎಣ್ಣೆ ಬೇಡವೇ ಬೇಡ ಎಂದು ಅಮ್ಮನ ಮೇಲೆ ಎಗರಾಡಿದಳು. ಅದಕ್ಕೆ ಅಮ್ಮ, ತಲೆಗೆ ಪಿತ್ತ ಏರಿದೆ ಎಂದು ತೀರ್ಮಾನಿಸಿ ಶುಕ್ರವಾರದ ಅಭ್ಯಂಜನದಲ್ಲಿ ಇನ್ನೊಂದು ಬಟ್ಟಲು ಎಣ್ಣೆ ಹೆಚ್ಚಿಗೆ ಒತ್ತಿದರು.

ಇದನ್ನೆಲ್ಲ ನಾನು ಮರೆತೇಬಿಟ್ಟಿದ್ದೆ. ಅಕ್ಕ ಮರೆತಿರಲಿಲ್ಲ. ಭಾವ ಬೇಗ ತೀರಿಕೊಂಡರು. ಆಮೇಲೆ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಅರ್ಧ ಯಡಿಯೂರಿನ ರವಿಕೆ ಹೊಲಿದು ಬದುಕು ಕಟ್ಟಿಕೊಂಡಳು. ಎರಡು ವರ್ಷದ ಹಿಂದೆ ಅವಳಿಗೆ ಕಾಯಿಲೆ ಬಂತು, ಹೆಸರು ಹೇಳಲು ನಾವ್ಯಾರೂ ಇಷ್ಟಪಡದ ಕಾಯಿಲೆ. ಚಿಕಿತ್ಸೆಗೆಂದು ನಮ್ಮ ಮನೆಗೆ ಬಂದಳು. ಸೊಂಟದವರೆಗಿದ್ದ ಕೂದಲು ಪೂರ್ತಿ ಹೋಯಿತು, ಕಾಯಿಲೆಯೂ ಹೋಯಿತು. ಆಮೇಲೆ ನಿಧಾನವಾಗಿ ಹೊಸ ಕೂದಲು ಬಂತು. ಎರಡು ಬೆರಳುದ್ದ, ಬೆಳ್ಳಗೆ, ಹತ್ತಿಯಷ್ಟು ಮೆತ್ತಗೆ. ಒಂದು ದಿನ ಕನ್ನಡಿ ಮುಂದೆ ನಿಂತು ಅದನ್ನು ಸವರಿಕೊಳ್ಳುತ್ತಾ ಹೇಳಿದಳು:

"ನಾಣಿ, ಇದಕ್ಕೆ ಒಂದು ತೊಟ್ಟು ಎಣ್ಣೆ ಹಾಕಿಲ್ಲ ಕಣೋ. ಈಗ ಆ ಮಿಷನ್ ಮುಟ್ಟಿದ್ರೆ ಏಳತ್ತೇನೋ?"

"ಯಾವ ಮಿಷನ್ನು?"

"ಮೂವತ್ತು ವರ್ಷ ಪಾಠ ಮಾಡಿದ್ಯಲ್ಲ, ಅದೇ."

ಇಂಥ ಮಾತು ಕೇಳಿ ಸುಮ್ಮನಿರಲು ನಾನೇನು ಕಲ್ಲೇ? ಅವತ್ತೇ ಸಂಜೆ ಬನಶಂಕರಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಪೈಪ್ ಏನಕ್ಕೆ ಸಾರ್? ಸಂಪ್‌ಗಾ, ಟ್ಯಾಂಕ್‌ಗಾ?" ಎಂದ ಅಂಗಡಿಯವನು.

"ಕರೆಂಟ್ ತಯಾರು ಮಾಡೋಕೆ."

"ಓಹೋ, ಸೋಲಾರು."

"ಸೋಲಾರ್ ಅಲ್ಲಪ್ಪ. ಉಜ್ಜಿ ಬರ್ಸೋದು."

ಅವನು ಪೈಪು ಕುಯ್ಯುವುದನ್ನು ನಿಲ್ಲಿಸಿದ. "ಎಷ್ಟು ಬಲ್ಬ್ ಉರಿಯತ್ತೆ ಸಾರ್?"

"ಒಂದೂ ಇಲ್ಲ."

"ಮತ್ತೆ?"

"ಮುಟ್ಟಿದ್ರೆ ಕೂದಲು ಎದ್ದು ನಿಲ್ಲತ್ತೆ."

ಅವನು ನನ್ನ ಬೋಳುತಲೆಯನ್ನು ನೋಡಿದ. ತನ್ನ ಬೋಳುತಲೆಯನ್ನು ಸವರಿಕೊಂಡ. "ನಮ್ಮಿಬ್ಬರಿಗೂ ಉಪಯೋಗ ಇಲ್ಲ ಬಿಡಿ ಸಾರ್," ಎಂದು ಪೈಪು ಕೊಯ್ದುಕೊಟ್ಟ.

ಸಾಮಾನು ಸೇರಿಸಿದ್ದು ಹೀಗೆ. ಮೋಟರು ಅಕ್ಕನ ಹೊಲಿಗೆ ಯಂತ್ರದ್ದು. ಪೆಡಲ್ ಒತ್ತಿದಷ್ಟೂ ವೇಗ ಹೆಚ್ಚುವ ಮೋಟರು, ಇಷ್ಟು ವರ್ಷ ಅನ್ನ ಕೊಟ್ಟದ್ದು. ಅವಳೇ ಬಿಚ್ಚಿ ತಂದು ನನ್ನ ಮುಂದಿಟ್ಟಳು. ಬೋಸಿಗಳನ್ನು ವಸಂತಾ ಅಟ್ಟದಿಂದ ತೆಗೆದುಕೊಟ್ಟಳು, ತೆಗೆದುಕೊಟ್ಟಳು ಅನ್ನುವುದಕ್ಕಿಂತ ನಾನು ತೆಗೆದದ್ದನ್ನು ಅವಳು ಎರಡು ದಿನ ನೋಡಲಿಲ್ಲ. ಒಳಗೆ ಓಡುವ ಪಟ್ಟಿಗೆ ಸೈಕಲ್ ಟ್ಯೂಬು ಕತ್ತರಿಸಿದೆ. ವಾರವಿಡೀ ಓಡಿಸಿದರೂ ಒಂದು ಕಿಡಿ ಇಲ್ಲ. ಆಮೇಲೆ ನೆನಪಾಯಿತು, ಟ್ಯೂಬಿನ ಕಪ್ಪು ಬಣ್ಣಕ್ಕೆ ಮಸಿ ಬೆರೆಸಿರುತ್ತಾರೆ, ಆ ಮಸಿಯ ಮೂಲಕ ವಿದ್ಯುತ್ತು ಹತ್ತಿದ ಹಾಗೇ ಇಳಿದುಹೋಗುತ್ತದೆ. ಕಡೆಗೆ ವಸಂತಾಳ ಭುಜದ ವ್ಯಾಯಾಮಕ್ಕೆಂದು ಫಿಸಿಯೋಥೆರಪಿಯವರು ಕೊಟ್ಟಿದ್ದ ಹಳದಿ ರಬ್ಬರ್ ಪಟ್ಟಿ ಕೆಲಸಕ್ಕೆ ಬಂತು. ಅವಳ ಭುಜ ಇನ್ನೂ ಪೂರ್ತಿ ಸರಿಯಾಗಿಲ್ಲ. ಅದಕ್ಕೆ ಕಾರಣ ಯಾರೆಂದು ಅವಳು ಆಗಾಗ ನೆನಪಿಸುತ್ತಾಳೆ.

ಪಟ್ಟಿ ಸರಿಹೋಯಿತು, ಮಳೆಗಾಲ ಬಂತು. ಬೆಂಗಳೂರಿನ ತೇವದ ಗಾಳಿಯಲ್ಲಿ ಸ್ಥಿರವಿದ್ಯುತ್ತು ನಿಲ್ಲುವುದಿಲ್ಲ, ತೂತು ಕೊಡದಲ್ಲಿ ನೀರು ತುಂಬಿದ ಹಾಗೆ. ಹೇರ್ ಡ್ರೈಯರ್ ಹಿಡಿದು ಪಟ್ಟಿಗೆ ಬಿಸಿಗಾಳಿ ಊದಿದೆ. ನಮ್ಮ ಮನೆಯಲ್ಲಿ ಆ ಡ್ರೈಯರ್ ಬಳಸಿದ ಮೊದಲ ಬೋಳುತಲೆ ನಾನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಶ್ರಾವಣದಿಂದ ಕಾರ್ತೀಕದವರೆಗೂ ಆಕಾಶ ಡೊಂಕು ಎನ್ನುತ್ತಾ ಕಾಲ ಕಳೆದೆ.

ಅಕ್ಕ ಮಾತ್ರ ಪ್ರತಿ ಪರೀಕ್ಷೆಗೂ ಶ್ರದ್ಧೆಯಿಂದ ಬರುತ್ತಿದ್ದಳು. ಹೊಸ ಗಾಡಿ ಕೊಂಡರೆ ಪೂಜೆ ಮಾಡಿಸದೆ ಗೇಟು ದಾಟಿಸುವ ಮನೆತನ ನಮ್ಮದಲ್ಲ. ಹಾಗಿರುವಾಗ ಯಂತ್ರವನ್ನು ಬರಿದೇ ಓಡಿಸಲು ಬಿಡುತ್ತಾಳೆಯೇ? ಕೈಕಾಲು ತೊಳೆದು ಬಂದು, ಬೋಸಿಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ನೆತ್ತಿಯ ಮೇಲೊಂದು ಸೇವಂತಿಗೆ ಇಟ್ಟು, ಪಕ್ಕದಲ್ಲಿ ಒಂದು ಹಿತ್ತಾಳೆ ದೀಪ ಹಚ್ಚುತ್ತಿದ್ದಳು. "ಈಗ ಹಾಕು," ಎನ್ನುತ್ತಿದ್ದಳು. ಹೂವಿನ ದಳದ ತುದಿಗಳಿಂದ ವಿದ್ಯುತ್ತು ಸೋರಿಹೋಗುತ್ತದೆ ಎಂಬುದು ನನಗೆ ತಕ್ಷಣ ಹೊಳೆಯಿತು. ಹೂವನ್ನು ಕೆಳಗೆ ಮೋಟರಿನ ಬಳಿ ಇಡಲು ಅವಳನ್ನು ಒಪ್ಪಿಸಿ, ಎಂಥ ಬುದ್ಧಿವಂತ ನಾನು ಎಂದು ಎರಡು ದಿನ ಮೀಸೆ ತಿರುವಿಕೊಂಡೆ.

ಸಂಕ್ರಾಂತಿ ಕಳೆಯಿತು. ಗಾಳಿ ಒಣಗಿತು. ತುಟಿ ಒಡೆಯಿತು, ಸ್ವೆಟರ್ ತೆಗೆದರೆ ಚಟಪಟ ಸದ್ದು. ಇನ್ನು ಆಕಾಶದ ಮೇಲೆ ಹಾಕಲು ಯಾವ ದೂರೂ ಉಳಿಯಲಿಲ್ಲ. ಆದರೂ ಯಂತ್ರ ಮುನಿದ ಮಗುವಿನ ಹಾಗೆ ಸುಮ್ಮನಿತ್ತು.

ಒಂದು ಸೋಮವಾರ ವಸಂತಾ ಅಕ್ಕನನ್ನು ಆಸ್ಪತ್ರೆಯ ತಪಾಸಣೆಗೆ ಕರೆದುಕೊಂಡು ಹೋಗಿದ್ದಳು. ನಾನೊಬ್ಬನೇ. ಬೇಸರಕ್ಕೆ ಪೆಡಲ್ ಒತ್ತಿದೆ. ಪರೀಕ್ಷೆಗೆಂದು ಒಂದು ಸೌಟಿಗೆ ತಂತಿ ಕಟ್ಟಿ ಮೋಟರಿನ ಬುಡಕ್ಕೆ ಸೇರಿಸಿಟ್ಟಿದ್ದೆ. ಅದನ್ನು ಬೋಸಿಯ ಹತ್ತಿರ ಹಿಡಿದರೆ, ಚಟ್! ಅರ್ಧ ಬೆರಳುದ್ದದ ನೀಲಿ ಕಿಡಿ. ಮತ್ತೆ ಹಿಡಿದೆ. ಚಟ್, ಚಟ್. ಅರವತ್ತಾರು ವರ್ಷದ ನಾನು ಸೌಟು ಹಿಡಿದು ಕೋಣೆಯಲ್ಲಿ ಕುಣಿದೆ. ಆಟೋ ಬಂದ ಸದ್ದಾದಾಗ ಗೇಟಿಗೇ ಓಡಿದೆ.

"ಅಕ್ಕಾ, ಬಂತು! ಇಷ್ಟುದ್ದ ಕಿಡಿ! ಬೇಗ ಬಾ!"

ಅಕ್ಕ ಆಸ್ಪತ್ರೆಯ ಚೀಲವನ್ನೂ ಇಡದೆ ಒಳಗೆ ಬಂದಳು. ಕೈಕಾಲು ತೊಳೆದಳು, ಕುಂಕುಮವಿಟ್ಟಳು, ದೀಪ ಹಚ್ಚಿದಳು. ನಾನು ಪೆಡಲ್ ಒತ್ತಿದೆ. ಸೌಟು ಹಿಡಿದೆ. ಏನೂ ಇಲ್ಲ. ಸೌಟನ್ನು ಬೋಸಿಗೆ ತಾಗಿಸಿಯೇ ಬಿಟ್ಟೆ. ಪಾತ್ರೆಗೆ ಪಾತ್ರೆ ತಾಗಿದ ಸದ್ದು ಬಂತು, ಅಷ್ಟೆ.

ಮಾರನೆಯ ದಿನ ಹಾಗೇ ಆಯಿತು, ಅದರ ಮಾರನೆಯ ದಿನವೂ. ಮೂರನೆಯ ಸಲ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಗುನಗುತ್ತಲೇ ಹೇಳಿದಳು: "ನಾನಿಲ್ದಾಗ ಬರತ್ತೆ, ನಾನಿದ್ರೆ ಬರಲ್ಲ. ಸರಿ ಬಿಡು ನಾಣಿ. ಕೆಲವರ ಕೈಗುಣ ಹಾಗೇ ಇರತ್ತೆ."

ಆ ನಗು ನನಗೆ ಹಿಡಿಸಲಿಲ್ಲ. ಭಾವ ಹೋದ ಮೇಲೆ ಮದುವೆ ಮನೆಗಳಲ್ಲಿ ಅಕ್ಕ ತಾನಾಗಿಯೇ ಹಿಂದಿನ ಸಾಲಿಗೆ ಹೋಗಿ ಕೂರುವುದನ್ನು ನೋಡಿದ್ದೇನೆ. ಯಾರೂ ಏನೂ ಅನ್ನುವ ಮೊದಲೇ ಪಕ್ಕಕ್ಕೆ ಸರಿಯುವುದನ್ನು ಅಭ್ಯಾಸ ಮಾಡಿಕೊಂಡವಳು. ನನ್ನ ಮನೆಯಲ್ಲಿ, ನಾನೇ ಮಾಡಿದ ಯಂತ್ರದ ಮುಂದೆಯೂ ಅವಳು ಹಾಗೆ ಸರಿದುಬಿಟ್ಟರೆ ನಾನು ಓದಿದ ವಿಜ್ಞಾನಕ್ಕೆ ಬೆಂಕಿ ಹಾಕಬೇಕು. ಕೂದಲು ಏಳದಿದ್ದರೆ ಪರವಾಗಿಲ್ಲ ಅನ್ನಿಸುವ ದಿನಗಳು ಅಲ್ಲಿಗೆ ಮುಗಿದವು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಕುಂಕುಮವಿಟ್ಟು, ದೀಪ ಹಚ್ಚಿ, ಆದರೆ ಅಲ್ಲಿ ನಿಲ್ಲದೆ ಮೆಂತ್ಯ ಸೊಪ್ಪಿನ ಕಟ್ಟು ಹಿಡಿದು ವರಾಂಡಕ್ಕೆ ಹೊರಟಳು. "ನೀನು ಹಾಕು. ನಾನು ಆಚೆ ಸೊಪ್ಪು ಬಿಡಿಸ್ತಾ ಇರ್ತೀನಿ."

ಪೆಡಲ್ ಒತ್ತಿದೆ. ಕಿಡಿ ಇಲ್ಲ. ಜೀವಮಾನದಲ್ಲಿ ಮೊದಲ ಸಲ, ಯಂತ್ರವೊಂದು ಕೆಲಸ ಮಾಡದಿದ್ದಕ್ಕೆ ಸಂತೋಷವಾಯಿತು.

"ಅಕ್ಕಾ, ನೀನಿಲ್ದಿದ್ರೂ ಬರ್ತಿಲ್ಲ!" ಎಂದು ಕೂಗಿದೆ.

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ್ವೋ," ಎಂಬ ಉತ್ತರ ವರಾಂಡದಿಂದ ಬಂತು.

ಹಾಗಾದರೆ ಸೋಮವಾರಕ್ಕೂ ಇವತ್ತಿಗೂ ಏನು ವ್ಯತ್ಯಾಸ? ಅದೇ ಕೋಣೆ, ಅದೇ ಪಟ್ಟಿ, ಅದೇ ಸೌಟು. ಕಾಲು ಪೆಡಲ್ ಮೇಲೇ ಇತ್ತು, ಮೋಟರು ಗುಂಯ್‌ಗುಡುತ್ತಿತ್ತು. ತಲೆ ಕೆರೆದುಕೊಳ್ಳುತ್ತಾ ದೀಪದ ಕಡೆ ನೋಡಿದೆ. ಫ್ಯಾನ್ ಆರಿಸಿತ್ತು, ಕಿಟಕಿ ಮುಚ್ಚಿತ್ತು. ಆದರೂ ದೀಪದ ಕುಡಿ ನೆಟ್ಟಗಿರಲಿಲ್ಲ, ಬೋಸಿಯ ಕಡೆಗೆ ಬಾಗಿತ್ತು. ಕಾಲು ತೆಗೆದೆ, ನೆಟ್ಟಗಾಯಿತು. ಒತ್ತಿದೆ, ಮತ್ತೆ ಬಾಗಿತು.

ಆಗ ನನಗೆ ನನ್ನದೇ ದನಿ ಕೇಳಿಸಿತು. ಪ್ರತಿ ವರ್ಷ, ಅದೇ ಪಾಠದಲ್ಲಿ, ಅದೇ ರಾಗದಲ್ಲಿ ನಾನು ಬರೆಸುತ್ತಿದ್ದ ವಾಕ್ಯ: ವಿದ್ಯುತ್ತು ತುಂಬಿದ ವಸ್ತುವಿನ ಸಮೀಪ ಉರಿಯುವ ಜ್ವಾಲೆಯನ್ನು ತಂದರೆ ಅದರ ವಿದ್ಯುತ್ತು ಬರಿದಾಗುತ್ತದೆ. ಎರಡು ಅಂಕದ ಪ್ರಶ್ನೆ. ಜ್ವಾಲೆ ಸುತ್ತಲಿನ ಗಾಳಿಗೆ ವಿದ್ಯುತ್ತು ಸಾಗಿಸುವ ಗುಣ ಕೊಡುತ್ತದೆ ಎಂಬ ಕಾರಣ ಬರೆಯದವರಿಗೆ ಒಂದು ಅಂಕ ಕಳೆಯುತ್ತಿದ್ದೆ. ಎಷ್ಟು ಮಕ್ಕಳ ಅಂಕ ಕಳೆದಿದ್ದೆನೋ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವನು ನಾನೇ. ಹೂವಿನ ದಳದ ತುದಿ ಕಂಡ ಕಣ್ಣಿಗೆ ಪಕ್ಕದಲ್ಲೇ ಉರಿಯುತ್ತಿದ್ದ ಬೆಂಕಿ ಏಕೆ ಕಾಣಲಿಲ್ಲ ಎಂದರೆ, ದೇವರ ದೀಪವನ್ನು ನಾವು ಬೆಂಕಿ ಎಂದು ನೋಡುವುದೇ ಇಲ್ಲ. ಹುಟ್ಟಿದಾಗಿನಿಂದ ನೋಡುತ್ತಿರುವ ಅದು ಕೋಣೆಯ ಗೋಡೆಗಳಲ್ಲಿ ಒಂದಾಗಿಬಿಟ್ಟಿರುತ್ತದೆ. ಯಂತ್ರ ಗೆಲ್ಲಲಿ ಎಂದು ಅಕ್ಕ ಹಚ್ಚಿದ ದೀಪವೇ ದಿನವೂ ಯಂತ್ರದ ಗಂಟು ಖಾಲಿ ಮಾಡುತ್ತಿತ್ತು.

ವಸಂತಾಳಿಗೆ ಅಡುಗೆಮನೆಗೆ ಹೋಗಿ ಗುಟ್ಟಾಗಿ ಹೇಳಿದೆ. ಅವಳು ಒಗ್ಗರಣೆ ಸೌಟು ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕಳು. "ರೀ, ಮೂವತ್ತು ವರ್ಷ ಹೇಳ್ಕೊಟ್ಟಿದ್ದು ಇದನ್ನೇನಾ?" ಎಂದಳು. ಆಮೇಲೆ ನಗು ನಿಲ್ಲಿಸಿ, "ಅತ್ತಿಗೆಗೆ ದೀಪ ಹಚ್ಬೇಡಿ ಅಂತ ಮಾತ್ರ ಹೇಳ್ಬೇಡಿ. ಕರ್ಕೊಂಡು ಬಂದು ತೋರಿಸಿ," ಎಂದಳು. ಕಾಲೇಜಿನಲ್ಲಿ ನಾನು ಮಾಡಬೇಕಾಗಿದ್ದದ್ದೂ ಅದನ್ನೇ.

ಅಕ್ಕನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಪೆಡಲನ್ನು ಅವಳ ಕಾಲ ಕೆಳಗೇ ಇಟ್ಟೆ. "ಒತ್ತು. ಕಿಡಿ ನೋಡ್ಬೇಡ, ದೀಪದ ಕುಡಿ ನೋಡು."

ಒತ್ತಿದಳು. ಕುಡಿ ಬಾಗಿತು. ಬಿಟ್ಟಳು. ನೆಟ್ಟಗಾಯಿತು. ರವಿಕೆಯ ಅಂಚು ಹೊಲಿಯುವಾಗ ಇರುತ್ತಿದ್ದ ಅದೇ ಮುಖದಲ್ಲಿ, ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಹತ್ತು ಸಲವಾದರೂ ನೋಡಿದಳು. ನಾನು ಕಾರಣ ಹೇಳಿದೆ, ಎರಡು ಅಂಕಕ್ಕೆ ಬೇಕಾದಷ್ಟು.

"ಅಂದ್ರೆ ನಾನಲ್ಲ," ಎಂದಳು.

"ನೀನಲ್ಲ. ದೀಪ."

"ಹಚ್ಚಿದ್ದು ನಾನೇ ತಾನೆ?"

"ಹಚ್ಚಿದ್ದು ನೀನು. ಗೊತ್ತಿದ್ದೂ ಮರೆತು ಕೂತಿದ್ದು ನಾನು. ಯಾರ ತಪ್ಪು ದೊಡ್ಡದು ಹೇಳು?"

ಅಕ್ಕ ಆರಾಮಾಗಿ ಉಸಿರು ಬಿಟ್ಟಳು. "ನಿಂದೇ ಕಣೋ," ಎಂದಳು. ಅಷ್ಟು ಸಂತೋಷವಾಗಿ ನನ್ನನ್ನು ಯಾರೂ ಬೈದಿರಲಿಲ್ಲ.

ಉತ್ಸಾಹದಲ್ಲಿ ನಾನು ದೀಪಕ್ಕೆ ಕೈ ಹಾಕಿದೆ. ಅವಳು ಪಟ್ಟನೆ ಕೈಮೇಲೆ ಹೊಡೆದಳು.

"ಹಚ್ಚಿದ ದೀಪ ಆರಿಸ್ತಾರೇನೋ? ತಲೆ ಕೆಟ್ಟಿದ್ಯಾ?"

"ಆಚೆ ಇಡ್ತೀನಿ."

"ಕದಲಿಸೋ ಹಾಗೂ ಇಲ್ಲ. ಎಣ್ಣೆ ಇರೋವರೆಗೂ ಅಲ್ಲೇ ಉರೀಬೇಕು."

ಎಣ್ಣೆ ಧಾರಾಳವಾಗಿ ಹಾಕಿದ್ದಳು, ಮಧ್ಯಾಹ್ನದವರೆಗೆ ಸಾಕಾಗುವಷ್ಟು. ನಮ್ಮ ಮನೆಯ ಹೆಂಗಸರ ಕೈ ಎಣ್ಣೆಯ ವಿಷಯದಲ್ಲಿ ಹಿಂದಿನಿಂದಲೂ ಉದಾರ. ನಾನು ಪೆಚ್ಚಾಗಿ ನಿಂತೆ. ಅಕ್ಕ ನನ್ನನ್ನೂ ದೀಪವನ್ನೂ ಯಂತ್ರವನ್ನೂ ಒಂದೊಂದಾಗಿ ನೋಡಿದಳು.

"ದೀಪ ಕದಲಿಸಬಾರದು. ಮಿಷನ್ ಕದಲಿಸಬಾರದು ಅಂತ ಯಾವ ಶಾಸ್ತ್ರದಲ್ಲಿದೆ? ಎತ್ಕೊಂಡು ನಡಿ ವರಾಂಡಕ್ಕೆ."

"ಪೂಜೆ ಇಲ್ಲಿ, ಯಂತ್ರ ಅಲ್ಲಿ. ಪರವಾಗಿಲ್ವಾ?"

"ದೇವರಿಗೆ ಎರಡು ಕೋಣೆ ದೂರಾನಾ? ಅಲ್ಲಿಂದ್ಲೇ ನೋಡ್ಕೋತಾನೆ. ನಡಿ."

ನಾನು ಪೈಪು ಹಿಡಿದೆ, ವಸಂತಾ ಮೋಟರು ಹಿಡಿದಳು. ಅಕ್ಕ ಹಿಂದಿನಿಂದ ವೈರು ಎತ್ತಿಕೊಂಡು, ಉತ್ಸವದ ಹಿಂದೆ ಬರುವವರ ಹಾಗೆ ಬಂದಳು. ವರಾಂಡದಲ್ಲಿ ಒಳ್ಳೆಯ ಬಿಸಿಲಿತ್ತು. ಮೆಂತ್ಯ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದೆವು. ಮೈಗೆ ಬಂದ ವಿದ್ಯುತ್ತು ನೆಲಕ್ಕೆ ಇಳಿಯದಿರಲಿ ಎಂದು ಒಂದು ದಪ್ಪ ಪ್ಲಾಸ್ಟಿಕ್ ಸ್ಟೂಲು ಹಾಕಿ, ಅಕ್ಕನನ್ನು ಅದರ ಮೇಲೆ ಕೂರಿಸಿ, ಕಾಲಿಗೆ ಇನ್ನೊಂದು ಕೊಟ್ಟೆ. ಅವಳು ಗೃಹಪ್ರವೇಶದ ಬೋಸಿಯ ಮೇಲೆ ಅಂಗೈ ಇಟ್ಟಳು. ಕಣ್ಣು ಮುಚ್ಚಿದಳು. ವಸಂತಾ ಪೆಡಲ್ ಒತ್ತಿದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಕಿವಿಯ ಹತ್ತಿರ ಒಂದು ಎಳೆ ಎದ್ದಿತು. ಅದರ ಪಕ್ಕದ್ದು. ಆಮೇಲೆ ಯಾರೋ ಕರೆದ ಹಾಗೆ ಹಣೆಯ ಮೇಲಿನವು, ನೆತ್ತಿಯವು, ಹಿಂದಿನವು, ಎಲ್ಲ ನಿಧಾನವಾಗಿ ಎದ್ದು ಬಿಡಿಬಿಡಿಯಾಗಿ ನಿಂತವು. ಬಿಸಿಲು ಅವುಗಳ ನಡುವೆ ಹಾದು ಬರುತ್ತಿತ್ತು. ಬರೀ ಚಿತ್ರ ಬರೆದು ಸಂಬಳ ತೆಗೆದುಕೊಂಡ ನಾನು ಬಾಯಿ ತೆರೆದು ನಿಂತೆ. ಕಣ್ಣಲ್ಲಿ ನೀರು ಬಂತು, ಬಂದದ್ದನ್ನು ಮುಚ್ಚಿಡುವುದೇಕೆ.

"ತಲೆ ಮೇಲೆ ಇರುವೆ ಹರಿದ ಹಾಗಾಗ್ತಿದೆ," ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ನಿಂತಿದ್ಯೇನೋ?"

"ನಿಂತಿದೆ ಅಕ್ಕ. ಎಲ್ಲಾ ನಿಂತಿದೆ. ವಸಂತಾ ಪೆಡಲ್ ಬಿಡೋ ಹಾಗಿಲ್ಲ, ತಡಿ, ನಾನು ಕನ್ನಡಿ ತರ್ತೀನಿ."

ಕನ್ನಡಿಯನ್ನು ಒಂದು ಮಾರು ದೂರದಲ್ಲಿ ಹಿಡಿದು ನಿಂತೆ. ಅಕ್ಕ ಕಣ್ಣು ತೆರೆದು ನೋಡಿದಳು. ತಲೆಯನ್ನು ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ಎಲ್ಲ ಕೂದಲೂ ಅವಳ ಜೊತೆ ತಿರುಗಿದವು.

"ಅಮ್ಮ ಇದ್ದಿದ್ರೆ ಈಗ್ಲೇ ಎಣ್ಣೆ ಬಟ್ಲು ಹಿಡ್ಕೊಂಡು ಓಡಿ ಬರ್ತಿದ್ಲು," ಎಂದಳು.

ಮೂವರೂ ನಕ್ಕೆವು. ನಗುವಾಗ ಅವಳ ಕೂದಲೂ ಅಲ್ಲಾಡಿತು. ಸ್ವಲ್ಪ ಹೊತ್ತಾಯಿತು. ವಸಂತಾಳ ಕಾಲು ನೋಯುತ್ತಿರಬಹುದೆಂದು, "ಸಾಕಾ ಅಕ್ಕ, ನಿಲ್ಲಿಸೋಣ್ವಾ?" ಎಂದೆ.

ಅಕ್ಕ ಬೋಸಿಯ ಮೇಲಿನ ಕೈ ತೆಗೆಯಲಿಲ್ಲ, ಕನ್ನಡಿಯಿಂದ ಕಣ್ಣೂ ತೆಗೆಯಲಿಲ್ಲ.

"ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ಕಣೋ," ಎಂದಳು. "ಹಿಂದೆ ಯಾರೂ ಸಾಲಲ್ಲಿ ನಿಂತಿಲ್ವಲ್ಲ."